ಎಡ ಚಕ್ರಕ್ಕೆ ತೆಂಗಿನೆಣ್ಣೆ

ಪುತ್ತಿಗೆಯ ಸೈನಬಳ ಮಟ್ಟಿಗೆ ತೆಂಗಿನೆಣ್ಣೆಯಿಂದ ಆಗದ ಕೆಲಸ ಈ ಲೋಕದಲ್ಲಿಲ್ಲ. ತಲೆಗೆ ಅದೇ, ಮಂಡಿನೋವಿಗೆ ಅದೇ, ಹೊಲಿಗೆ ಮೆಷಿನ್ನಿಗೆ ಅದೇ, ಕಿರುಗುಡುವ ಬಾಗಿಲಿಗೂ ಅದೇ. ನೇಂದ್ರ ಬಾಳೆಕಾಯಿಯ ಚಿಪ್ಸ್ ಕರಿದು ಮೂಡುಬಿದಿರೆಯ ಅಂಗಡಿಗಳಿಗೆ ಕೊಡುವವಳಾದ್ದರಿಂದ ಮನೆಯಲ್ಲಿ ಎಣ್ಣೆಗೆ ಬರವೂ ಇರಲಿಲ್ಲ.

ಬಾಳೆಗೊನೆ ತರಲು ಗಂಡ ಅಬ್ದುಲ್ ರವೂಫ್ ವಾರಕ್ಕೆರಡು ಸಲ ಪಿಕಪ್ಪಿನಲ್ಲಿ ಮುಂಡಾಜೆಯ ರುಕ್ಮಯ್ಯ ಗೌಡರ ತೋಟಕ್ಕೆ ಹೋಗುತ್ತಿದ್ದ. ಸೈನಬಳೂ ಜೊತೆಗೆ ಹೊರಡುತ್ತಿದ್ದಳು. ಇವರಿಗೆ ಗೊನೆ ಆರಿಸಲು ಬರುವುದಿಲ್ಲ ಎನ್ನುವುದು ಅವಳ ನೆಪ. ನಿಜ ಬೇರೆಯೇ ಇತ್ತು. ರವೂಫ್ ಹದಿನೆಂಟು ವರ್ಷ ಸೌದಿಯ ದಮ್ಮಾಮಿನಲ್ಲಿ ಟ್ರೈಲರ್ ಓಡಿಸಿದವನು. ಅಷ್ಟೂ ವರ್ಷ ಅವಳ ಸಂಸಾರ ನಡೆದದ್ದು ಫೋನಿನಲ್ಲಿ. ಮಗಳು ಮುರ್ಶಿದಾಳನ್ನು ಬಂಟ್ವಾಳಕ್ಕೆ ಮದುವೆ ಮಾಡಿ ಕೊಟ್ಟ ಮೇಲೆ ಅವನು ಊರಿಗೆ ಬಂದು ಪಿಕಪ್ ಕೊಂಡ. ಆಮೇಲೆ ಈ ಗಂಡಹೆಂಡತಿ ಮನಸ್ಸು ಬಿಚ್ಚಿ ಮಾತಾಡಿದ್ದೆಲ್ಲ ವೇಣೂರು, ಗುರುವಾಯನಕೆರೆ, ಬೆಳ್ತಂಗಡಿ, ಉಜಿರೆ ಎಂದು ಸಾಗುವ ಆ ದಾರಿಯಲ್ಲೇ. ಮನೆಯಲ್ಲಿ ಬಾಯಿ ಬಿಡದ ಮನುಷ್ಯ ಸ್ಟೇರಿಂಗ್ ಹಿಡಿದರೆ ಸಾಕು, ಬಾಲ್ಯದಿಂದ ಶುರುಮಾಡುತ್ತಿದ್ದ. ಅವಳಿಗೆ ಆ ಪಿಕಪ್ ಎಂದರೆ ಜೀವ.

ಐದಾರು ತಿಂಗಳ ಹಿಂದೆ ಮುಂದಿನ ಎಡ ಚಕ್ರ ಕುಯ್ಯೋ ಎನ್ನತೊಡಗಿತು. ಸೈನಬ ಕೂರುವುದೂ ಎಡಕ್ಕೇ ಆದ್ದರಿಂದ ಆ ಕೂಗು ಮೊದಲು ಬಿದ್ದದ್ದು ಅವಳ ಕಿವಿಗೆ. ಗಂಡ ನೋಡುವ ನೋಡುವ ಎನ್ನುತ್ತ ದಿನ ತಳ್ಳಿದ. ಹಿಂದೊಮ್ಮೆ ಮೆಕ್ಯಾನಿಕ್ ಅಣ್ಣು ಆ ಚಕ್ರ ಬಿಚ್ಚಿ, ಬೆರಳು ಗಾತ್ರದ ಎರಡು ಪಿನ್ನಿಗೆ ಎಂಥದೋ ಸವರಿ, ಅವುಗಳ ರಬ್ಬರ್ ಟೊಪ್ಪಿ ಮುಚ್ಚಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಸವರುವುದೇ ಆದರೆ ಅಣ್ಣುವೇ ಬೇಕೇ? ಶುಕ್ರವಾರ ರವೂಫ್ ಜುಮಾ ನಮಾಜಿಗೆ ಹೋದಾಗ ಪಿಕಪ್ಪಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ತಲೆಪಿನ್ನಿನಿಂದ ಆ ಟೊಪ್ಪಿಯ ಅಂಚು ಎತ್ತಿ, ಚಮಚದಲ್ಲಿ ತೆಂಗಿನೆಣ್ಣೆ ಇಳಿಸಿದಳು. ಸದ್ದು ನಿಂತಿತು! ಅಂದಿನಿಂದ ಶುಕ್ರವಾರ ತಪ್ಪಿದ್ದಿಲ್ಲ. ಗಂಡನಿಗೆ ಹೇಳಲಿಲ್ಲ. ಗುಟ್ಟಾಗಿ ಮಾಡಿದ ಸೇವೆಗೆ ರುಚಿ ಹೆಚ್ಚು ತಾನೆ.

ತೊಂದರೆ ಶುರುವಾದದ್ದು ಆಮೇಲೆ. ಬ್ರೇಕ್ ತುಳಿದರೆ ಗಾಡಿ ಬಲಕ್ಕೆ ಎಳೆಯತೊಡಗಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ರವೂಫ್ ಅದಕ್ಕೆ ತದ್ವಿರುದ್ಧ, ನೆಲವೇ ಡೊಂಕಾಗಿದ್ದರೂ ತನ್ನ ಕಾಲನ್ನೇ ಬೈದುಕೊಳ್ಳುವ ಆಸಾಮಿ. ಪ್ರತಿ ಸೋಮವಾರ ಬಗ್ಗಿ ಚಕ್ರದ ಸಂದಿಯಿಂದ ಬ್ರೇಕ್ ಪ್ಯಾಡ್ ನೋಡುತ್ತಿದ್ದ. ಹೊರಗಿನ ಪ್ಯಾಡ್ ಗ್ಲುಕೋಸ್ ಬಿಸ್ಕತ್ತಿನಷ್ಟು ದಪ್ಪ ಇತ್ತು. ಬ್ರೇಕ್ ಸರಿ ಇದೆ, ಸರಿ ಇಲ್ಲದ್ದು ತಾನು ಎಂದು ಅವನು ತೀರ್ಮಾನಿಸಿದ.

ಕಳೆದ ಮಂಗಳವಾರ ಗೊನೆ ತುಂಬಿಕೊಂಡು ಮರಳುವಾಗ ಉಜಿರೆಯಲ್ಲಿ ಮುಂದಿದ್ದ ಬಸ್ಸು ಕಾಲೇಜು ಮಕ್ಕಳನ್ನು ಇಳಿಸಲು ಗಕ್ಕನೆ ನಿಂತಿತು. ರವೂಫ್ ಬ್ರೇಕ್ ತುಳಿದ. ಪಿಕಪ್ ಬಲಕ್ಕೆ ನುಗ್ಗಿ, ಎದುರಿನಿಂದ ಬರುತ್ತಿದ್ದ ಸ್ಕೂಟರಿಗೆ ಒಂದು ಮೊಳ ಉಳಿಸಿ ನಿಂತಿತು. ಸ್ಕೂಟರಿನ ಹುಡುಗಿ ಬೈಯಲೂ ಇಲ್ಲ, ಬಿಳಿಚಿಕೊಂಡು ನೋಡಿದಳು. ಅದು ಬೈಗುಳಕ್ಕಿಂತ ಕೆಟ್ಟದಾಗಿತ್ತು.

ಬೆಳ್ತಂಗಡಿ ದಾಟುವವರೆಗೆ ರವೂಫ್ ಗಾಡಿಯನ್ನು ಎರಡನೇ ಗೇರಿನಲ್ಲೇ ಓಡಿಸಿದ. ಆಮೇಲೆ, "ನನ್ನ ಕಾಲು ಹೋಯ್ತು ಸೈನಬಾ. ತುಳಿದದ್ದು ಸರಿಯಾ ಅಂತ ನನಗೇ ಗೊತ್ತಾಗುದಿಲ್ಲ. ರುಕ್ಮಯ್ಯ ಗೌಡ್ರ ಮಗ ಅಶೋಕ ಗಾಡಿ ಕೇಳ್ತಾ ಇದ್ದಾನಲ್ಲ, ಅವನಿಗೇ ಕೊಟ್ಟುಬಿಡುವ. ಗೊನೆ ಅವನೇ ತಂದು ಹಾಕ್ತಾನೆ" ಎಂದ.

ಸೈನಬ ಮನಸ್ಸಲ್ಲೇ ಲೆಕ್ಕ ಹಾಕಿದಳು. ಗೊನೆ ಬರುತ್ತದೆ, ಸರಿ. ಗಂಡನ ಮಾತು ಯಾರು ತಂದು ಹಾಕುತ್ತಾರೆ? ಹದಿನೆಂಟು ವರ್ಷ ಕಾದು ಪಡೆದದ್ದನ್ನು ಮೂರೇ ವರ್ಷಕ್ಕೆ ಬಿಟ್ಟುಕೊಡಬೇಕೇ? ಅವಳಿಗೆ ಅಳು ಬಂತು, ಸಿಟ್ಟೂ ಬಂತು. ಆದರೆ ಆ ಸ್ಕೂಟರಿನ ಹುಡುಗಿಯ ಮುಖ ನೆನಪಾಗಿ, ಆಗಲಿ ಎಂದಳು.

ಕೆಟ್ಟ ಗಾಡಿಯನ್ನು ಇನ್ನೊಬ್ಬರ ಕೈಗೆ ಕೊಡುವ ಜಾಯಮಾನ ರವೂಫನದಲ್ಲ. ಕೊಡುವ ಮೊದಲು ಒಮ್ಮೆ ತೋರಿಸಿಬಿಡುವ ಎಂದು ಗುರುವಾರ ಅಣ್ಣುವಿನ ಗ್ಯಾರೇಜಿಗೆ ಹೋದರು. ಅಣ್ಣು ಕೈ ಚುರುಕಿನವನು, ಬಾಯಿ ಅದಕ್ಕಿಂತ ಚುರುಕು. ಅಲ್ಲಿ ಆಗಲೇ ಇಬ್ಬರು ರಿಕ್ಷಾದವರು ಕೂತು ಚಹಾ ಕುಡಿಯುತ್ತಿದ್ದರು. ಉಜಿರೆಯಲ್ಲಿ ಆದದ್ದನ್ನೂ ಗಾಡಿ ಅಶೋಕನಿಗೆ ಕೊಡುವ ಯೋಚನೆಯನ್ನೂ ರವೂಫ್ ಅಣ್ಣುವಿಗೆ ಹೇಳಿದ.

ಜಾಕ್ ಕೊಟ್ಟು ಎಡ ಚಕ್ರ ಬಿಚ್ಚಿದ ಅಣ್ಣು ಒಳಗಿನ ಪ್ಯಾಡ್ ಎಳೆದು ತೆಗೆದ. ಸವೆದು ಸವೆದು ತಗಡು ಮಾತ್ರ ಉಳಿದಿತ್ತು.

"ಎಂತ ರವೂಫಾಕ, ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಓಡಿಸುದಾ?"

ರವೂಫ್ ತಲೆ ತಗ್ಗಿಸಿದ. "ಅದೇ ಮಾರಾಯ. ನನ್ನ ಕಾಲೇ ಸರಿ ಇಲ್ಲ."

ಅಣ್ಣು ಹೊರಗಿನ ಪ್ಯಾಡನ್ನೂ ತೆಗೆದು ಎರಡನ್ನೂ ಅಂಗೈಯಲ್ಲಿ ಜೋಡಿಸಿ ನೋಡಿದ. "ನಿಲ್ಲಿ, ಇದು ಕಾಲಿನ ಕೆಲಸ ಅಲ್ಲ. ಕಾಲು ಕೆಟ್ಟಿದ್ರೆ ಎರಡೂ ಸವೆಯಬೇಕು, ನಾಲ್ಕೂ ಸವೆಯಬೇಕು. ಒಳಗಿನದ್ದು ಒಂದೇ ಸವೆದಿದೆ ಅಂದ್ರೆ ಪ್ಯಾಡನ್ನು ಒತ್ತುವ ಕ್ಯಾಲಿಪರ್ ಪಿನ್ನಿನ ಮೇಲೆ ಜಾರುದಿಲ್ಲ. ಒಂದೇ ಪ್ಯಾಡು ಇಡೀ ಭಾರ ಹೊತ್ತದ್ದು. ಎಡಕ್ಕೆ ಹಿಡಿತ ಕಮ್ಮಿ, ಅದಕ್ಕೇ ಗಾಡಿ ಬಲಕ್ಕೆ ಎಳೆದದ್ದು."

ಪಿನ್ನು ಎಳೆದರೆ ಬರಲಿಲ್ಲ. ಸುತ್ತಿಗೆಯಲ್ಲಿ ತಟ್ಟಿ, ತಿರುಚಿ ತೆಗೆದ. ರಬ್ಬರ್ ಟೊಪ್ಪಿ ಉಬ್ಬಿ ಬಾಯಿ ಬಿಟ್ಟಿತ್ತು. ಪಿನ್ನಿನ ಮೈಯೆಲ್ಲ ಧೂಳು ಕಲೆತ ಹಳದಿ ಅಂಟು. ಅಣ್ಣು ಮೂಗಿಗೆ ಹಿಡಿದ.

"ತೆಂಗಿನೆಣ್ಣೆ! ಯಾರು ಮಾರಾಯ್ರೆ ಬ್ರೇಕಿಗೆ ಒಗ್ಗರಣೆ ಹಾಕಿದ್ದು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಸೈನಬಳ ಕೈ ತಾನಾಗಿ ತಲೆಪಿನ್ನಿನ ಕಡೆ ಹೋಯಿತು. ರವೂಫ್ ಅವಳನ್ನೊಮ್ಮೆ ನೋಡಿದ. ಆಮೇಲೆ ಅಣ್ಣುವಿನ ಕಡೆ ತಿರುಗಿ ತಣ್ಣಗೆ, "ನಾನೇ ಹಾಕಿದ್ದು" ಎಂದ.

ರಿಕ್ಷಾದವರು ಹೋ ಎಂದು ನಕ್ಕರು. ಅಣ್ಣು ನಗಲಿಲ್ಲ. "ಮೂವತ್ತು ವರ್ಷ ಸ್ಟೇರಿಂಗ್ ಹಿಡಿದವರು ನೀವು. ಬ್ರೇಕಿಗೆ ಇದನ್ನು ಹಾಕಬಾರದು ಅಂತ ಗೊತ್ತಾಗದಷ್ಟು ಮರೆವು ಬಂತಾ? ಬೇಜಾರು ಮಾಡ್ಬೇಡಿ, ಹಾಗಾದ್ರೆ ಅಶೋಕನಿಗೆ ಕೊಡುದೇ ಒಳ್ಳೇದು. ಇನ್ನು ನೀವು ಓಡಿಸ್ಬೇಡಿ."

"ಹೌದು. ಅದೇ ಸರಿ" ಎಂದ ರವೂಫ್.

ಸುಮ್ಮನಿದ್ದರೆ ಅವಳ ಮಾನ ಉಳಿಯುತ್ತಿತ್ತು. ನಾಳೆಯಿಂದ ಮೂಡುಬಿದಿರೆಯ ರಿಕ್ಷಾ ಸ್ಟ್ಯಾಂಡಿನಲ್ಲಿ ನಗೆಪಾಟಲಾಗುವುದು ಅವಳಲ್ಲ, ಗಂಡ. ಗಾಡಿ ಅಶೋಕನದಾಗುತ್ತಿತ್ತು, ಗಂಡ ಮತ್ತೆ ಮೂಗನಾಗುತ್ತಿದ್ದ.

"ಅವರಲ್ಲ ಅಣ್ಣು" ಎಂದಳು ಸೈನಬ. ಸ್ವರ ಅವಳೆಣಿಸಿದ್ದಕ್ಕಿಂತ ಜೋರಾಗಿ ಬಂತು. "ಶುಕ್ರವಾರ ಶುಕ್ರವಾರ ಹಾಕಿದ್ದು ನಾನು. ಕೂಗ್ತಿತ್ತು, ಪಾಪ ಅಂತ ಹಾಕಿದೆ. ಅವರಿಗೆ ಗೊತ್ತೇ ಇಲ್ಲ. ನಗುದಿದ್ರೆ ನನ್ನನ್ನು ನೋಡಿ ನಗಿ. ಆದ್ರೆ ಅವರ ಕಾಲು ಸರಿ ಉಂಟಾ ಇಲ್ವಾ, ಅದನ್ನು ಹೇಳು."

ಅಣ್ಣು ಅವಳನ್ನೂ ಅವನನ್ನೂ ನೋಡಿದ. "ಕಾಲಿಗೆ ಎಂತದೂ ಆಗ್ಲಿಲ್ಲ ಅಕ್ಕ. ಈ ಬ್ರೇಕಿನಲ್ಲಿ ಉಜಿರೆಯಿಂದ ಇಲ್ಲಿವರೆಗೆ ಬಂದಿದ್ದಾರಲ್ಲ, ಇವರ ಕಾಲಿನಂಥ ಕಾಲು ನನಗಿಲ್ಲ."

ಸಂಜೆಯೊಳಗೆ ಕೆಲಸ ಮುಗಿಯಿತು. ಪಿನ್ನು, ಟೊಪ್ಪಿ ಹೊಸತು, ಪ್ಯಾಡು ಎರಡೂ ಚಕ್ರಕ್ಕೆ ಹೊಸತು. ಬಿಸಿಗೆ ಕರಗದ ಬ್ರೇಕ್ ಗ್ರೀಸನ್ನು ತೆಳ್ಳಗೆ ಸವರಿ ಅಣ್ಣು ಪಿನ್ನನ್ನು ಬೆರಳಲ್ಲೇ ಒಳಗೆ ಹೊರಗೆ ಆಡಿಸಿ ತೋರಿಸಿದ. "ಐದು ಸಾವಿರ ಕಿಲೋಮೀಟರಿಗೊಮ್ಮೆ ಬನ್ನಿ. ಸಂದಿಯಿಂದ ಇಣುಕಿದ್ರೆ ಕಾಣುದು ಹೊರಗಿನ ಪ್ಯಾಡು ಮಾತ್ರ. ಚಕ್ರ ಬಿಚ್ಚಿ ಒಳಗಿನದ್ದೂ ನೋಡ್ಬೇಕು. ಮತ್ತೆ ಅಕ್ಕ, ಎಣ್ಣೆ ಚಿಪ್ಸಿಗೆ ಮಾತ್ರ."

ಖಾಲಿ ರಸ್ತೆಯಲ್ಲಿ ರವೂಫ್ ಬ್ರೇಕ್ ತುಳಿದು ನೋಡಿದ. ಗಾಡಿ ಗೆರೆ ಎಳೆದ ಹಾಗೆ ನೇರ ನಿಂತಿತು. ಇನ್ನೊಮ್ಮೆ ತುಳಿದ, ಮತ್ತೂ ಒಮ್ಮೆ. ಮೂರನೆಯ ಸಲ ನಿಲ್ಲಿಸಿದವನು ಮತ್ತೆ ಹೊರಡಿಸಲಿಲ್ಲ. ಕಣ್ಣು ಒರೆಸಿಕೊಂಡ.

"ನಾನು ಹಾಕಿದ್ದು ಅಂತ ಹೇಗೆ ಗೊತ್ತಾಯ್ತು?" ಎಂದು ಕೇಳಿದಳು ಸೈನಬ.

"ಲೋಕದಲ್ಲಿ ಬೇರೆ ಯಾರು ಹಾಕ್ತಾರೆ?"

"ಮತ್ತೆ ನಾನೇ ಅಂತ ಯಾಕೆ ಹೇಳಿದ್ರಿ?"

"ಗಾಡಿ ಕೊಡುದು ಅಂತ ಆಗಿತ್ತಲ್ಲ. ಹೋಗುದರ ಜೊತೆಗೆ ನನ್ನ ಮರ್ಯಾದೆಯೂ ಹೋಗ್ಲಿ, ನಿನ್ನದಾದ್ರೂ ಉಳೀಲಿ ಅಂತ."

ಸೈನಬ ಅವನ ಜೇಬಿನಿಂದ ಫೋನ್ ತೆಗೆದು, ಅಶೋಕನ ನಂಬರ್ ಒತ್ತಿ ಅವನ ಕಿವಿಗೆ ಹಿಡಿದಳು.

"ಅಶೋಕಾ, ಗಾಡಿ ಕೊಡ್ಲಿಕ್ಕಿಲ್ಲ ಮಾರಾಯ" ಎಂದ ರವೂಫ್. "ಶನಿವಾರ ಗೊನೆ ಕಡಿದಿಡು. ನಾವಿಬ್ರೂ ಬರ್ತೇವೆ."