ನೂರ ನಲವತ್ತೊಂದೇ ನನ್ನದು

ನನ್ನ ನಾದಿನಿ ನಡೆದರೆ ನೆಲವೇ ದಾರಿ ಬಿಡಬೇಕು. ಐವತ್ತಾರು ದಾಟಿದರೂ ಮುಂದಕ್ಕೆ ಚಾಚಿದ ಗದ್ದ, ಬೀಸುವ ಮೊಣಕೈ, ಮೂರು ಗುಂಡಿ ಉದುರಿ ನಾಲ್ಕನೆಯದರ ಆಸರೆಯಲ್ಲಿ ನಿಂತ ಖಾಕಿ ಕೋಟು. ಎದುರು ಬಂದವರು ತಾವೇ ಪಕ್ಕಕ್ಕೆ ಸರಿದು, ಸರಿದದ್ದೇಕೆಂದು ಆಮೇಲೆ ಯೋಚಿಸುತ್ತಾರೆ. ಪಾರ್ಸಲ್ ಕಚೇರಿಯಲ್ಲಿ ಮೂವತ್ತು ವರ್ಷದಿಂದ ತೂಕ ಹಾಕುವ ಕೆಲಸ. ಖಾಲಿ ತಕ್ಕಡಿ ಸೊನ್ನೆ ತೋರಿಸುವ ತನಕ ಮೊದಲ ಗಿರಾಕಿಗೆ 'ಬನ್ನಿ' ಎಂದವಳಲ್ಲ. ಮಾತಿನ ಕೊನೆಗೊಂದು 'ತಿಳೀತಾ?' ಸೇರಿಸುತ್ತಾಳೆ, ತಿಳಿಯದವರಿಗೆ ಇನ್ನೊಮ್ಮೆ ಹೇಳುವುದಿಲ್ಲ.

ಇಂಥವಳು ಸೈಕಲ್ ಸಂಘ ಸೇರಿದಾಗ ಅಲ್ಲಿಯ ನಾಯಕರಾದ ಹಲ್ಲಿನ ಡಾಕ್ಟರು ನಕ್ಕರು. "ಈ ವಯಸ್ಸಲ್ಲಿ ಸುಮ್ನೆ ಸುತ್ತಾಡಿದ್ರೆ ಸಾಲ್ದಾ ಅಕ್ಕಾ? ಬೆಟ್ಟ ಯಾಕೆ?"

"ನಿಮಗೆ ಹಲ್ಲು ಕೀಳೋದು ಸಾಲ್ದಾ ಡಾಕ್ಟ್ರೇ?"

ಬೆಟ್ಟ ಹತ್ತುವ ತಂಡದಲ್ಲಿ ಎಂಟೇ ಜಾಗ. ಇಪ್ಪತ್ತು ನಿಮಿಷ ಉಸಿರು ಕಟ್ಟಿ ತುಳಿದು, ಸರಾಸರಿ ನೂರ ಐವತ್ತು ವಾಟ್ ತೋರಿಸಿದವರಿಗೆ ಮಾತ್ರ ಎಂದು ಡಾಕ್ಟರು ಗೆರೆ ಎಳೆದರು. ಕಾಲಿನ ಬಲವನ್ನು ಅಳೆಯುವ ಪವರ್ ಮೀಟರ್ ಪೆಡಲಿನೊಳಗೇ ಕೂತಿರುತ್ತದೆ. ಎದುರುಗಾಳಿ, ಏರುದಾರಿ ಎಂಬ ನೆಪಗಳು ಅದರ ಮುಂದೆ ನಡೆಯವು. ಇವಳು ಒಂದನ್ನು ಕೊಂಡು, ಇಷ್ಟು ವಾಟಿಗೆ ಇಷ್ಟು ನಿಮಿಷವೆಂದು ಚೀಟಿ ಬರೆದು ಹ್ಯಾಂಡಲಿಗೆ ಅಂಟಿಸಿ, ಒಂದು ತಿಂಗಳು ಬೆವರಿಳಿಸಿದಳು. ಪರೀಕ್ಷೆಯ ಬೆಳಿಗ್ಗೆ ನೂರ ಐವತ್ತೆಂಟು ಬಂತು. ಕೊನೆಯ ಜಾಗ ಇವಳದಾಯಿತು. ನೂರ ಐವತ್ತೇಳು ತೆಗೆದ ಶಾಲಾ ಬಸ್ಸಿನ ಡ್ರೈವರ್ ಇವಳಿಗಿಂತ ಒಂದೇ ಒಂದು ವಾಟ್ ಕಡಿಮೆಯಾಗಿ ಹೊರಗುಳಿದ.

ಮರುದಿನ ಸೈಕಲ್ ಒರೆಸುತ್ತ ಬೆರಳಲ್ಲಿ ಪೆಡಲ್ ತಿರುಗಿಸಿದಳು. ಹ್ಯಾಂಡಲಿನ ಮೇಲಿದ್ದ ಮೀಟರಿನ ಪರದೆ ಹದಿನೇಳು ವಾಟ್ ಎಂದಿತು.

"ಅತ್ತಿಗೆ, ಒಂದು ಬೆರಳಿಗೆ ಹದಿನೇಳಾ? ನಾನೇನು ಭೀಮನ ಅಕ್ಕನಾ?"

ಬೆಚ್ಚನೆ ಕೋಣೆಯಿಂದ ಚಳಿಗೆ ತಂದ ಮೀಟರು ಆ ಚಳಿಗೆ ಹೊಂದಿಕೊಳ್ಳಬೇಕು, ಆಮೇಲೆ ಅದನ್ನು ಸೊನ್ನೆಗೆ ತರಬೇಕು. ಇಲ್ಲದಿದ್ದರೆ ಕಾಲಿಗಿಲ್ಲದ ಬಲವನ್ನೂ ಕೂಡಿಸಿ ತೋರಿಸುತ್ತದೆ. ಜಗತ್ತಿನ ತಕ್ಕಡಿಯನ್ನೆಲ್ಲ ಸೊನ್ನೆಗೆ ತಂದವಳು ಪರೀಕ್ಷೆಯ ಆತುರದಲ್ಲಿ ತನ್ನದನ್ನೇ ಮರೆತಿದ್ದಳು.

"ಯಾರು ನೋಡಿದ್ರು, ಬಿಡೇ," ಎಂದೆ. ಕೆಟ್ಟ ಸಲಹೆಯೇ. ಆದರೆ ಅವಳ ಬೆವರನ್ನು ನಾನು ಕಣ್ಣಾರೆ ಕಂಡಿದ್ದೆ. ಅಂದು ಅವಳು ಊಟ ಸರಿಯಾಗಿ ಮಾಡಲಿಲ್ಲ.

ಮೂರನೆಯ ದಿನ ಮೀಟರನ್ನು ಸೊನ್ನೆಗೆ ತಂದು ಮತ್ತೆ ತುಳಿದಳು. ನೂರ ನಲವತ್ತೊಂದು. ನೇರ ಸಂಘಕ್ಕೆ ನಡೆದಳು. ಜೊತೆಗೆ ನಾನೂ ಹೋದೆ.

"ಪಟ್ಟಿ ಆಗೋಗಿದೆ ಅಕ್ಕಾ, ಹೋಗ್ಲಿ ಬಿಡಿ. ಮೀಟರ್ ತಾನೇ ತಪ್ಪಿದ್ದು?" ಎಂದರು ಡಾಕ್ಟರು.

"ತಪ್ಪಿದ್ದು ನಾನು. ನೂರ ನಲವತ್ತೊಂದೇ ನನ್ನದು, ಬರ್ಕೊಳಿ."

ಮೂಲೆಯಲ್ಲಿದ್ದ ಡ್ರೈವರ್ ಕೈಮುಗಿದ. "ದೊಡ್ಡ ಉಪಕಾರ ಆಯ್ತು ಅಕ್ಕಾ."

"ಉಪಕಾರವೂ ಇಲ್ಲ, ಮಣ್ಣೂ ಇಲ್ಲ. ಮುಂದಿನ ಪರೀಕ್ಷೇಲಿ ನಿನ್ನ ಜಾಗ ಕಿತ್ಕೊಳೋಕೆ ಬರ್ತೀನಿ, ತಿಳೀತಾ?"

ಸಮಾಧಾನಕ್ಕೆಂದು ಡಾಕ್ಟರು, "ಬೆಟ್ಟದ ದಿನ ವ್ಯಾನಲ್ಲಿ ಬನ್ನಿ, ನೀರು ಕೊಡೋಕೆ ಒಬ್ರು ಬೇಕು," ಎಂದರು.

"ದಾರಿ ಸಂಘದ್ದಾ, ಸರ್ಕಾರದ್ದಾ?" ಎಂದು ಕೇಳಿ ಹೊರಬಿದ್ದಳು.

ಆ ದಿನ ತಂಡ ಹೊರಟು ಒಂದು ಗಂಟೆಯಾದ ಮೇಲೆ ಒಬ್ಬಳೇ ಹೊರಟಳು. ನೂರ ಮೂವತ್ತನ್ನು ಒಂದು ವಾಟೂ ಮೀರದಂತೆ, ತಿರುವಿನಿಂದ ತಿರುವಿಗೆ, ಹಿಡಿದ ಬಲವನ್ನು ಸಡಿಲಿಸದೆ ತುಳಿದು ತುದಿ ಮುಟ್ಟಿದಾಗ ತಂಡ ಫೋಟೋ ತೆಗೆಸಿಕೊಂಡು ಇಳಿದಾಗಿತ್ತು. "ಮೇಲೆ ಯಾರೂ ಇರ್ಲಿಲ್ಲ ಅತ್ತಿಗೆ, ಗಾಳಿ ಚೆನ್ನಾಗಿತ್ತು," ಎಂದಷ್ಟೇ ವರದಿ. ಮರುದಿನ ಮೆಟ್ಟಿಲನ್ನು ಏಡಿಯಂತೆ ಅಡ್ಡಡ್ಡ ಇಳಿದಳು. ಆಸರೆಗೆ ಚಾಚಿದ ನನ್ನ ಕೈಯನ್ನು ತಳ್ಳಿದಳು.

ಇಂಥವರು ಬೀದಿಗೊಬ್ಬರು ಇದ್ದೇ ಇರುತ್ತಾರೆ. ಹಟಮಾರಿಗಳೆಂದು ಕರೆದು ಲೋಕ ಕೈತೊಳೆದುಕೊಳ್ಳುತ್ತದೆ. ಹೊಗಳಿಕೆಗೇ ಹಿಗ್ಗದವರನ್ನು ಬಗ್ಗಿಸುವ ಬಗೆ ಅದಕ್ಕೆ ತಿಳಿಯದು. ನನ್ನ ಬಲ ಇಷ್ಟೇ ಎಂದು ತಾವೇ ನಾಲ್ಕು ಜನರೆದುರು ಕೂಗಿ ಹೇಳಿದವರನ್ನು, ನಿನ್ನಿಂದ ಇಷ್ಟೇ ಎಂದು ಇನ್ನಾರು ಹೇಳಿ ಹೆದರಿಸಿಯಾರು?