ಒಡೆಯದ ಗಾಜು

ತೆಲಂಗಾಣದ ಗಡಿಯೂರು ತಾಂಡೂರಿನ ಆ ಫಂಕ್ಷನ್ ಹಾಲಿನೊಳಗೆ ಕಾಲಿಟ್ಟ ಕೂಡಲೇ ವರದಾಳ ಮೂಗಿಗೆ ಬಡಿದದ್ದು ಮಲ್ಲಿಗೆ, ಹೊಸ ಪೇಂಟು, ಬೂಂದಿಯ ತುಪ್ಪ. ಅವೆಲ್ಲದರ ಅಡಿಯಲ್ಲಿ, ಎಷ್ಟು ಮುಚ್ಚಿದರೂ ಮುಚ್ಚಿಹೋಗದೆ, ಗೊಬ್ಬರದ ವಾಸನೆ. ಮೂವತ್ತು ವರ್ಷ ಯೂರಿಯಾ, ಪೊಟ್ಯಾಷ್ ಚೀಲ ಒಟ್ಟಿದ್ದ ಗೋದಾಮು ಅದು. ಈಗ ಸೀಲಿಂಗಿನ ತುಂಬ ಪಿಒಪಿ ಹೂವು, ಬಾಗಿಲಲ್ಲಿ ಸೊಂಡಿಲೆತ್ತಿದ ಎರಡು ಸಿಮೆಂಟಿನ ಆನೆ, ಗೋಡೆಗೆ ಬಂಗಾರದ ಬಣ್ಣ. ಇಷ್ಟು ಮಾಡಿದ ಮೇಲೆ ಇದು ಗೋದಾಮಾಗಿತ್ತೆಂದು ಯಾರಿಗೆ ನೆನಪಿರುತ್ತದೆ ಎಂಬುದು ಮಾಲೀಕ ಶಿವಶಂಕರಪ್ಪನ ನಂಬಿಕೆ.

ವರದಾ ಸ್ಟ್ರಕ್ಚರಲ್ ಇಂಜಿನಿಯರು. ಹದಿನೈದು ವರ್ಷ ಕಡಲತೀರದಲ್ಲಿ ಕೆಲಸ ಮಾಡಿದವಳು. ಉಪ್ಪುನೀರಿಗೆ ತುಕ್ಕು ಹಿಡಿದ ದೋಣಿಕಟ್ಟೆಗಳ ಕಂಬಗಳನ್ನು ಒಡೆದು, ಉಜ್ಜಿ, ಮತ್ತೆ ಕಟ್ಟಿದವಳು. ಈಗ ಜಹೀರಾಬಾದಿನಲ್ಲಿ ಮನೆ ಮಾಡಿಕೊಂಡು ಸುತ್ತಲಿನ ಊರುಗಳ ಹಳೆಯ ಕಟ್ಟಡಗಳ ಕೆಲಸ ನೋಡುತ್ತಾಳೆ. ಇವತ್ತು ಬಂದದ್ದು ಮಾತ್ರ ಕೆಲಸಕ್ಕಲ್ಲ. ನಾಳೆ ಹತ್ತೂವರೆಗೆ ಶಿವಶಂಕರಪ್ಪನ ಮಗಳು ಶಿಲ್ಪಾರಾಣಿಯ ಮದುವೆ. ಹಾಲಿನಲ್ಲಿ ಆಗುವ ಮೊದಲ ಮದುವೆಯೂ ಅದೇ. ಹಿಂದಿನ ದಿನದ ಅರಿಶಿಣ ಶಾಸ್ತ್ರಕ್ಕೂ ಬರಲೇಬೇಕೆಂದು ಆತ ಮೂರು ಸಲ ಫೋನು ಮಾಡಿದ್ದ.

ಒಂದು ವರ್ಷದ ಹಿಂದೆ ತೊಗರಿ ವ್ಯಾಪಾರಿ ಶಿವಶಂಕರಪ್ಪ ಅವಳನ್ನು ಇಲ್ಲಿಗೆ ಮೊದಲ ಸಲ ಕರೆತಂದಿದ್ದ. ಅವಳು ಸಣ್ಣ ಸುತ್ತಿಗೆಯಿಂದ ಕಂಬ ಬಡಿದು ನೋಡಿದಳು. ಗಟ್ಟಿ ಕಾಂಕ್ರೀಟು ಟಣ್ ಅನ್ನಬೇಕು. ಇದು ಡಬ್ ಡಬ್ ಅಂದಿತು. ಎಂಟೂ ಕಂಬಗಳಲ್ಲಿ ಒಳಗಿನ ಸರಳಿನ ನೇರಕ್ಕೆ ಮೇಲಿಂದ ಕೆಳಗೆ ಬಿರುಕು. ಸಮುದ್ರದಿಂದ ಇಷ್ಟು ದೂರದ ಊರಿನಲ್ಲಿ ಸಮುದ್ರದ ರೋಗ! ಪೊಟ್ಯಾಷ್ ಗೊಬ್ಬರವೂ ಒಂದು ಉಪ್ಪೇ. ಕಂಬಕ್ಕೆ ಒತ್ತಿ ಒಟ್ಟಿದ ಚೀಲಗಳಿಂದ, ಮಳೆಗಾಲದ ತೇವದ ಜೊತೆ, ಅದು ಕಾಂಕ್ರೀಟಿನೊಳಗೆ ಇಳಿದಿತ್ತು. ಸರಳು ತುಕ್ಕು ಹಿಡಿದು, ಉಬ್ಬಿ, ಮೈಮೇಲಿನ ಕಾಂಕ್ರೀಟನ್ನು ಸೀಳಿತ್ತು.

ಎಂಟಕ್ಕೂ ಕವಚ ಕಟ್ಟಬೇಕು ಎಂದಳು ಅವಳು. ತೊಲೆಗೆ ಆಸರೆ ಕೊಟ್ಟು, ಕೊಳೆತದ್ದನ್ನೆಲ್ಲ ಒಡೆದು ತೆಗೆದು, ಸರಳು ಉಜ್ಜಿ, ಸುತ್ತ ಹೊಸ ಸರಳು ಕಟ್ಟಿ, ಹೊಸ ಕಾಂಕ್ರೀಟು ಹಾಕುವುದು. ಪ್ರತಿ ಕಂಬ ನಾಲ್ಕೂ ಕಡೆ ನಾಲ್ಕು ಇಂಚು ದಪ್ಪವಾಗುತ್ತದೆ. ಶಿವಶಂಕರಪ್ಪ ಹಿಂದಿನ ನಾಲ್ಕನ್ನು ಮಾಡಿಸಿದ. ವೇದಿಕೆಯ ಅಕ್ಕಪಕ್ಕದ ನಾಲ್ಕಕ್ಕೆ ಬಂದಾಗ ತಲೆ ಅಲ್ಲಾಡಿಸಿದ. ಕಂಬ ದಪ್ಪವಾದರೆ ವೀಡಿಯೋದಲ್ಲಿ ಮದುಮಕ್ಕಳು ಕಾಣುವುದಿಲ್ಲವಂತೆ. ಕಟ್ಟಡ ನಿಲ್ಲುವುದು ಕಂಬದ ಮೇಲೋ ವೀಡಿಯೋದ ಮೇಲೋ ಎಂದು ಅವಳು ಅವತ್ತೇ ಕೇಳಿ ಎದ್ದು ಹೋಗಬೇಕಿತ್ತು. ಹೋಗಲಿಲ್ಲ. ರಾಜಿಗೆ ಬಂದಳು. ಬಿರುಕಿನ ಮೇಲೆ ಅಡ್ಡಡ್ಡ ತೆಳ್ಳಗಿನ ಗಾಜಿನ ಪಟ್ಟಿ ಹಚ್ಚೋಣ, ಬಿರುಕು ಕೂದಲೆಳೆಯಷ್ಟು ಅಗಲವಾದರೂ ಗಾಜು ಒಡೆಯುತ್ತದೆ, ಮೂರು ತಿಂಗಳು ಒಡೆಯದಿದ್ದರೆ ಸದ್ಯಕ್ಕೆ ಭಯವಿಲ್ಲ, ಕವಚ ಮದುವೆಯಾದ ಮೇಲೆ ಕಟ್ಟಿಸೋಣ ಎಂದಳು. ಪ್ರತಿ ಗಾಜಿನ ಮೇಲೆ ತಾನೇ ತಾರೀಖು ಬರೆದಳು. ವಾರಕ್ಕೊಂದು ಫೋಟೋ ಬರುತ್ತಿತ್ತು. ಎಲ್ಲ ಗಾಜೂ ಇಡಿಯಾಗಿದ್ದವು. ಕಳೆದ ತಿಂಗಳು ತಾನೇ ಬಂದು ನೋಡಿ, ಕಟ್ಟಡ ಬಳಕೆಗೆ ಯೋಗ್ಯವೆಂದು ಸಹಿ ಹಾಕಿದ್ದಳು.

ಈಗ ವೇದಿಕೆಯ ಪಕ್ಕದ ಮೂರನೆಯ ಕಂಬದ ಹತ್ತಿರ ಶಿವಶಂಕರಪ್ಪನ ತಾಯಿ ಉಮಾಬಾಯಿ ಗಾಜಿನ ಪಟ್ಟಿಗೆ ಕುಂಕುಮ ಹಚ್ಚುತ್ತಿದ್ದಳು. ಎಪ್ಪತ್ತು ದಾಟಿದ ಮುದುಕಿ, ಹಣೆಯ ತುಂಬ ವಿಭೂತಿ. ವರದಾಳನ್ನು ಕಂಡು ಮುಖ ಅರಳಿಸಿದಳು.

“ಬಾ ಯವ್ವಾ. ನೋಡು, ನೀ ಹೇಳಿದಂಗೇ ನಡಸೀನಿ. ಒಂದಾರ ಒಡದ ಗಾಜ ಉಳಿಸಿಲ್ಲ.”

ವರದಾ ಹತ್ತಿರ ಬಂದು ಗಾಜನ್ನು ನೋಡಿದಳು. “ನಾ ಏನ್ ಹೇಳಿದ್ದೆ, ಆಯಿ?”

“ಒಡದ್ರ ಬದ್ಲಿ ಮಾಡ್ರಿ ಅಂತ ಹೇಳಿದ್ದಿಯಂತಲ್ಲ. ಶಿವು ಹೇಳಿದ. ಲಗ್ನದ ಮನಿಯಾಗ ಒಡದ ಗಾಜ ಇರಬಾರದು, ನನಗೂ ಗೊತ್ತದ. ಮೊದಲನೇದು ಒಡದಿದ್ದು ನಾನೇ ನೋಡ್ದೆ. ಎದಿ ಧಸಕ್ಕಂತು. ದಶರಥ ಮೇಸ್ತ್ರಿನ ಕರಸಿ ಹೊಸಾದು ಹಚ್ಚಿಸ್ದೆ. ಮ್ಯಾಲ ಹಳೇ ತಾರೀಖನೂ ನಿನ್ನ ಅಕ್ಷರದಂಗೇ ಬರಿತಾನ ನೋಡು ಅವ. ಭಾಳ ಹುಷಾರಿ.”

“ಎಷ್ಟು ಒಡದಾವ, ಆಯಿ?”

“ಹನ್ನೊಂದು. ಕಸದಾಗ ಒಗದ್ರ ಯಾರ ಕಾಲಿಗಾರ ಚುಚ್ಚತಾವಂತ ಡಬ್ಬಿಯಾಗ ಇಟ್ಟೀನಿ.”

ಒಳಕೋಣೆಯಿಂದ ತುಪ್ಪದ ತಗಡಿನ ಡಬ್ಬಿ ತಂದು ಮುಚ್ಚಳ ತೆಗೆದಳು. ಹನ್ನೊಂದು ಪಟ್ಟಿ, ಎಲ್ಲವೂ ನಡುವೆ ಎರಡಾದವು. ಅಡಿಯ ನಾಲ್ಕು ಪಟ್ಟಿಯಲ್ಲಿದ್ದ ತಾರೀಖು ವರದಾಳದೇ ಅಕ್ಷರ. ಉಳಿದವು ದಶರಥನವು, ಆದರೆ ಅವಳೇ ಮೋಸಹೋಗುವಷ್ಟು ಒಂದೇ ಥರ. ಮೋಸಹೋಗಿಯೂ ಇದ್ದಳು. ಮುದುಕಿಯ ಮೇಲೆ ಸಿಟ್ಟು ಮಾಡಲು ಬರುವಂತಿರಲಿಲ್ಲ. ಆಕೆ ತನಗೆ ತಿಳಿದ ಒಳ್ಳೆಯದನ್ನೇ ಶ್ರದ್ಧೆಯಿಂದ ಮಾಡಿದ್ದಳು.

ಚೀಲದಿಂದ ಸುತ್ತಿಗೆ ತೆಗೆದು ಮೂರನೆಯ ಕಂಬವನ್ನು ಬಡಿದಳು. ಬಂಗಾರದ ಬಣ್ಣದ ಗಾರೆ ರೊಟ್ಟಿಯಷ್ಟಗಲ ಕಳಚಿ ಬಿತ್ತು. ಅದರ ಹಿಂದೆ ಸರಳು ಇರಬೇಕಾದಲ್ಲಿ ಕಂದು ಪುಡಿ. ಬೆರಳಿನಲ್ಲಿ ಒತ್ತಿದರೆ ಪದರ ಪದರವಾಗಿ ಎದ್ದು ಬಂತು.

ಶಿವಶಂಕರಪ್ಪ ಸಪ್ಪಳ ಕೇಳಿ ಬಂದ. ರೇಷ್ಮೆ ಅಂಗಿ, ಬಾಯಲ್ಲಿ ಪಾನು. ಬಿದ್ದ ಗಾರೆಯನ್ನು ಮೊದಲು ನೋಡಿದ, ಆಮೇಲೆ ಅವಳನ್ನು.

“ಏನ್ರಿ ಮೇಡಂ, ಪೇಂಟ್ ಎಲ್ಲಾ ಖರಾಬ್ ಮಾಡಿದ್ರಿ.”

“ಸಾವ್ಕಾರ್ರ, ಗಾಜ ಒಡದಿದ್ದು ನಿಮಗ ಗೊತ್ತಿತ್ತಲ್ರಿ?”

“ಗಾಜ ಅಂದ್ಮ್ಯಾಲ ಒಡಿತಾವ್ರಿ. ನಮ್ಮ ಮನಿಯಾಗ ಕಪ್ಪ್ ಒಡಿತಾವ, ಬಸಿ ಒಡಿತಾವ. ಅದಕ್ಕ ಯಾರಾರ ಲಗ್ನ ನಿಲ್ಲಸ್ತಾರೇನ್ರಿ?”

“ನಾಳಿ ಎಂಟುನೂರು ಮಂದಿ ಈ ಛತ್ತಿನ ಕೆಳಗ ಕೂಡ್ತಾರ. ಮ್ಯಾಲ ನೀವು ಬೀಗರಿಗಂತ ನೀರಿನ ಟಾಕಿ ಬ್ಯಾರೆ ಕೂಡಸೀರಿ. ಈ ಕಂಬ ಭಾರ ತಡಿಯಾಂಗಿಲ್ರಿ. ನಿಮ್ಮ ಮಗಳು ಕೂಡೋ ಮಣಿ ಇದರ ಬುಡಕೇ ಅದ.”

ಅವನು ಪಾನನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ಸರಿಸಿದ. ನಕ್ಕ. ಆ ನಗು ಅವಳಿಗೆ ಪಾನಿನ ಉಗುಳಿಗಿಂತ ಹೇಸಿಗೆ ಅನ್ನಿಸಿತು.

“ನಿಮ್ಮ ಸಹಿ ಅದರಿ. ಫೈಲಿನಾಗ ಅದ. ಯೋಗ್ಯ ಅದ ಅಂತ ನೀವೇ ಬರ್ದು ಕೊಟ್ಟೀರಿ. ಈಗ ಇಲ್ಲ ಅಂದ್ರ ನಿಮ್ಮ ಇಜ್ಜತ್ ಹೋಗ್ತದ, ನಂದಲ್ಲ. ಫಿಕರ್ ಮಾಡಬ್ಯಾಡ್ರಿ, ಊಟಾ ಮಾಡ್ರಿ.”

ಮಗಳ ತಲೆಯ ಮೇಲೆ ಬೀಳಬಹುದಾದ ಕಂಬವನ್ನು ತೋರಿಸಿದರೆ ಊಟ ಮಾಡಿ ಅನ್ನುವ ಅಪ್ಪ! ಆದರೂ ಆತ ಸಹಿಯ ಬಗ್ಗೆ ಹೇಳಿದ್ದು ಸುಳ್ಳಲ್ಲ.

ಅಷ್ಟರಲ್ಲಿ ಕೊಹೀರಿನಿಂದ ಬೀಗರು ಬಂದು ಇಳಿದರು. ವರನ ತಾಯಿ ಬಸವೇಶ್ವರಿ ಮುಂದೆ, ಹಿಂದೆ ಸೀರೆಯ ತಟ್ಟೆ ಹಿಡಿದ ಹೆಂಗಸರು. ವರದಾ ಆಕೆಯನ್ನು ಪಕ್ಕಕ್ಕೆ ಕರೆದು ಕಂಬ ತೋರಿಸಿದಳು, ತುಕ್ಕಿನ ಪುಡಿಯನ್ನು ಕೈಗೆ ಕೊಟ್ಟಳು, ಇಲ್ಲಿ ಜನ ಕೂರಿಸಬಾರದೆಂದು ಬಿಡಿಸಿ ಹೇಳಿದಳು. ಬಸವೇಶ್ವರಿ ಮರ್ಯಾದೆಯಿಂದ ಕೇಳಿದಳು. ಪುಡಿಯನ್ನು ಸೆರಗಿಗೆ ತಾಗದಂತೆ ಝಾಡಿಸಿದಳು.

“ನಮಗ ಕಂಬದ್ದು ಏನ್ ತಿಳಿತದ್ರಿ. ಸಾವ್ಕಾರ್ರು ದೊಡ್ಡವರು, ನೋಡ್ಕೊಂಡೇ ಮಾಡಿರ್ತಾರ.”

ಆಗ ವರದಾ ಒಂದು ಕೆಲಸ ಮಾಡಿದಳು. ಓದಿದ ಓದಿಗೆ, ಹದಿನೈದು ವರ್ಷದ ಅನುಭವಕ್ಕೆ ತಾನೇ ಮಸಿ ಬಳಿಯುತ್ತಿದ್ದೇನೆ ಎಂದು ಗೊತ್ತಿದ್ದೂ ಮಾಡಿದಳು. ಉಮಾಬಾಯಿಯ ಕೈಯಿಂದ ಡಬ್ಬಿ ತೆಗೆದುಕೊಂಡು ಬಸವೇಶ್ವರಿಯ ಮುಂದೆ ಹಿಡಿದಳು.

“ಇವು ಹನ್ನೊಂದು ಗಾಜ ನೋಡ್ರಿ. ಲಗ್ನದ ಮಂಟಪದ ಕಂಬಕ್ಕ ಹಚ್ಚಿದ್ದವು. ತಮ್ಮಷ್ಟಕ್ಕ ತಾವೇ ಒಡದಾವ. ಹಚ್ಚಿದಂಗ ಹಚ್ಚಿದಂಗ ಒಡದಾವ.”

ಬಸವೇಶ್ವರಿಯ ಮುಖ ಬಿಳಿಚಿತು. “ಹನ್ನೊಂದಾ? ಮಂಟಪದಾಗ?” ಹಿಂದಿನ ಹೆಂಗಸರು ತಟ್ಟೆಗಳನ್ನು ಎದೆಗವಚಿಕೊಂಡರು. ಯಾರೋ “ಶಿವ ಶಿವಾ” ಅಂದರು. ಬಸವೇಶ್ವರಿ ಉಮಾಬಾಯಿಯ ಕಡೆ ತಿರುಗಿ ಖರೆಯೇ ಎಂದು ಕೇಳಿದಳು. ಉಮಾಬಾಯಿ ಸುಳ್ಳು ಹೇಳುವ ಹೆಂಗಸಲ್ಲ, ಹೂಂ ಅಂದಳು. ಹತ್ತು ನಿಮಿಷದಲ್ಲಿ ಬೀಗರ ಕಡೆಯವರೆಲ್ಲ ಹೊರಗೆ ರಸ್ತೆಯಲ್ಲಿ ನಿಂತಿದ್ದರು. ಈ ಹಾಲಿನಲ್ಲಾದರೆ ನಮ್ಮ ಹುಡುಗ ಬರುವುದಿಲ್ಲ ಎಂಬ ಮಾತು ಬಂತು. ಶಿವಶಂಕರಪ್ಪ ಕೈಮುಗಿದ, ಬೆವರಿದ, ಕೊನೆಗೆ ತೊಗರಿ ಮಾರ್ಕೆಟ್ಟಿನ ತಗಡಿನ ಶೆಡ್ಡಿಗೆ ಶಾಮಿಯಾನ ಸಾಗಿಸಲು ಒಪ್ಪಿದ. ಮರುದಿನ ಶಿಲ್ಪಾರಾಣಿಯ ಮದುವೆ ಅಲ್ಲಿ ಆಯಿತು. ಎಂಟುನೂರು ಜನ ಉಂಡು ಮನೆಗೆ ಹೋದರು.

ವರದಾ ಊಟಕ್ಕೆ ನಿಲ್ಲಲಿಲ್ಲ. ಎಲ್ಲರೂ ಬದುಕಿದರು ಎಂಬ ನೆಮ್ಮದಿ ಇರಬೇಕಿತ್ತು, ಇದ್ದದ್ದು ಅಸಹ್ಯ. ತುಕ್ಕನ್ನು ಕೈಗೆ ಕೊಟ್ಟರೂ ನಂಬದವರು ಅಪಶಕುನಕ್ಕೆ ಓಡಿದ್ದರು. ಅವರನ್ನು ಓಡಿಸಿದವಳೂ ತಾನೇ. ಅದಕ್ಕಿಂತ ಹೆಚ್ಚು ಅಸಹ್ಯ ತನ್ನ ಸಹಿಯದು. ಕಳೆದ ತಿಂಗಳು ಬಂದಾಗ ಸುತ್ತಿಗೆ ಚೀಲದಲ್ಲೇ ಇತ್ತು. ಹೊಸ ಬಣ್ಣ ಕೆಡುತ್ತದೆಂಬ ದಾಕ್ಷಿಣ್ಯಕ್ಕೆ ಅದನ್ನು ಹೊರಗೆ ತೆಗೆದಿರಲಿಲ್ಲ.

ಮದುವೆಯಾದ ಮೂರನೆಯ ದಿನ ಪುರಸಭೆಗೆ ಹೋಗಿ, ತನ್ನ ಸರ್ಟಿಫಿಕೇಟು ವಾಪಸು ತೆಗೆದುಕೊಳ್ಳುವ ಪತ್ರ ಕೊಟ್ಟಳು. ಕಾರಣ ಎಂಬಲ್ಲಿ ಬರೆದಿದ್ದಳು: ‘ನಾನು ಕಂಬವನ್ನು ಪರೀಕ್ಷಿಸದೆ, ಮೇಲೆ ಹಚ್ಚಿದ ಗಾಜನ್ನಷ್ಟೇ ನೋಡಿ ಸಹಿ ಮಾಡಿದೆ. ತಪ್ಪು ನನ್ನದು. ಕಟ್ಟಡದಲ್ಲಿ ಜನ ಸೇರಬಾರದು.’ ಗುಮಾಸ್ತ ಮುದ್ರೆ ಒತ್ತಿ ಒಂದು ಪ್ರತಿ ವಾಪಸು ಕೊಟ್ಟ. ಮಾಲೀಕರಿಗೆ ನೋಟಿಸು ಹೋಗಲು, ಉತ್ತರ ಬರಲು ಹದಿನೈದು ದಿನದ ನಿಯಮವಿದೆ ಎಂದ. ಅವಳು ಮೆಟ್ಟಿಲಿಳಿಯುವಾಗಲೇ ಫೋನು ಬಂತು. ಶಿವಶಂಕರಪ್ಪ. ದನಿಯಲ್ಲಿ ಹಗೆಯಿಲ್ಲ, ಬೆಣ್ಣೆಯಿತ್ತು.

“ಮೇಡಂ, ಆಗಿದ್ದು ಆತು. ಅಯ್ಯನೋರ ಕೈಲೆ ಶಾಂತಿ ಮಾಡ್ಸೀನಿ. ಸೋಮವಾರ ಧಾರೂರಿನವರ ಲಗ್ನ ಅದ ಹಾಲಿನಾಗ. ನೀವು ಜರಾ ಬಂದು ಹೊಸಾ ಪಟ್ಟಿ ಹಚ್ಚಿ ಕೊಡ್ರಿ. ಗಾಜ ಬ್ಯಾಡ್ರಿ. ಪ್ಲಾಸ್ಟಿಕ್ಕಿಂದು ಸಿಗ್ತಾವ, ಗಾಜಿನಂಗೇ ಕಾಣ್ತಾವ. ಒಡಿಯಾಂಗಿಲ್ಲ.”

ಅವಳು ಫೋನು ಇಟ್ಟಳು. ಹೋಟೆಲಿನವನಲ್ಲಿ ಬೇಡಿ ಒಂದು ಹಿಡಿ ಮೈದಾ ತೆಗೆದುಕೊಂಡು, ಬಿಸಿನೀರಿನಲ್ಲಿ ಅಂಟು ಕಲಸಿ, ನೇರ ಹಾಲಿಗೆ ಹೋದಳು. ಎರಡು ಆನೆಗಳ ನಡುವಿನ ಬಾಗಿಲಿಗೆ ಮುದ್ರೆ ಒತ್ತಿದ ಪತ್ರ ಅಂಟಿಸುತ್ತಿದ್ದಾಗ ಉಮಾಬಾಯಿ ಪಕ್ಕದ ತನ್ನ ಮನೆಯಿಂದ ಬಂದಳು. ಪತ್ರ ತೆಲುಗಿನಲ್ಲಿತ್ತು.

“ಏನ್ ಬರದದ ಯವ್ವಾ? ಓದು.”

ವರದಾ ಕನ್ನಡದಲ್ಲಿ ಓದಿ ಹೇಳಿದಳು. ಗಾಜು ಯಾಕೆ ಹಚ್ಚಿದ್ದು, ಒಡೆದರೆ ಏನರ್ಥ, ಬದಲಿ ಮಾಡಿ ಎಂದು ತಾನು ಯಾವತ್ತೂ ಹೇಳಿರಲಿಲ್ಲ ಎಂಬುದನ್ನೂ ಹೇಳಿದಳು. ಸೋಮವಾರದ ಮದುವೆಯ ವಿಷಯವನ್ನೂ ಪ್ಲಾಸ್ಟಿಕ್ಕಿನ ವಿಷಯವನ್ನೂ ಬಿಡಲಿಲ್ಲ. ಮುದುಕಿ ಪತ್ರದ ಮೇಲೆ ಕೈಯಾಡಿಸಿದಳು.

“ಅಂದ್ರ ಅವು ನನಗ ಹೇಳಾಕ ಒಡಿತಿದ್ದವು. ನಾ ಹನ್ನೊಂದು ಸಲ ಅವುಗಳ ಬಾಯಿ ಮುಚ್ಚಿಸ್ದೆ. ನನ್ನ ಮೊಮ್ಮಗಳ ತಲಿ ಮ್ಯಾಲ.”

ಆಕೆ ಮನೆಗೆ ಹೋಗಿ ಡಬ್ಬಿ ತಂದಳು. ವರದಾ ಬೇಡವೆನ್ನುವುದರೊಳಗೆ ಅದನ್ನು ಹೊಸ್ತಿಲ ಮೇಲೆ ಬೋರಲು ಹಾಕಿದಳು. ಆನೆಯಿಂದ ಆನೆಯವರೆಗೆ ಚೂರುಗಳನ್ನು ಕೈಯಿಂದಲೇ ಹರಡಿದಳು. ಒಂದು ಬೆರಳಿನಿಂದ ರಕ್ತ ಬಂದರೂ ನಿಲ್ಲಿಸಲಿಲ್ಲ. ಆಮೇಲೆ ಮನೆಯಿಂದ ಒಂದು ಕುರ್ಚಿ ಎಳೆದು ತಂದು ಬಾಗಿಲಿಗೆ ಅಡ್ಡ ಇಟ್ಟು ಕೂತಳು.

“ಸೋಮವಾರದ ತನಕ ನಾ ಇಲ್ಲೇ ಇರ್ತೀನಿ. ಶಿವುಗ ಫೋನ್ ಹಚ್ಚು. ಪ್ಲಾಸ್ಟಿಕ್ ತಗೊಂಡು ಬರಾಕ ಹೇಳು. ಇದನ್ನ ತುಳದು, ನನ್ನನ್ನ ದಾಟಿ, ಒಳಗ ಹೋಗ್ಲಿ.”

ವರದಾ ಫೋನು ಹಚ್ಚಿ ಆಕೆಯ ಕೈಗೆ ಕೊಟ್ಟಳು. ತಾನೂ ಪಕ್ಕದ ಮೆಟ್ಟಿಲ ಮೇಲೆ ಕೂತು, ಮುದುಕಿಯ ಬೆರಳಿಗೆ ತನ್ನ ಕರವಸ್ತ್ರ ಸುತ್ತಿದಳು.