ಸುಗುಣಳ ತುರುಬಿನ ಕ್ಲಿಪ್ಪು

ನಾನು ಹೆಂಗಸರು ತುರುಬಿಗೆ ಹಾಕಿಕೊಳ್ಳುವ ಒಂದು ಪ್ಲಾಸ್ಟಿಕ್ ಕ್ಲಿಪ್ಪು. ಕಂದು ಬಣ್ಣ, ನಡುವೆ ಒಂದು ಸ್ಪ್ರಿಂಗು, ಎರಡೂ ದವಡೆಯ ತುಂಬ ಹಲ್ಲು. ಮನುಷ್ಯರ ಕಿವಿಗೆ ಕೇಳಿಸುವಂಥ ನಾಲಿಗೆ ನನಗಿಲ್ಲ. ಇದ್ದಿದ್ದರೆ ಒಂದು ಸಂಸಾರ ಇಷ್ಟು ಹೊತ್ತಿಗೆ ಎರಡಾಗಿರುತ್ತಿತ್ತು. ನಾನು ಹುಟ್ಟಿದ್ದು ಕಾದ ಅಚ್ಚಿನಲ್ಲಿ. ಕರಗಿದ ಪ್ಲಾಸ್ಟಿಕ್ಕನ್ನು ಒಳಗೆ ನುಗ್ಗಿಸಿ, ಅದುಮಿ, ಆರುವ ಮೊದಲೇ ಹೊರಗೆ ಉದುರಿಸಿದರು. ಹೀಗೆ ಹುಟ್ಟಿದವರಿಂದ ಪ್ರೀತಿ ವಿಶ್ವಾಸ ನಿರೀಕ್ಷಿಸಬೇಡಿ. ಕಚ್ಚುವುದಕ್ಕೆಂದೇ ನನ್ನನ್ನು ಮಾಡಿದರು, ಕಚ್ಚಿಕೊಂಡೇ ಬದುಕಿದೆ.

ತಿ. ನರಸೀಪುರದ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಬಳೆ ಅಂಗಡಿಯಲ್ಲಿ ನನ್ನನ್ನು ನೇತುಹಾಕಿದ್ದರು. ಅಲ್ಲಿಂದ ನನ್ನನ್ನು ಕೊಂಡವಳು ಪುಟ್ಟಗೌರಮ್ಮ. ಅಂಗಡಿಯವನು ಬೇಸತ್ತು, 'ತಗೊಂಡೋಗಿ ತಾಯಿ' ಎನ್ನುವವರೆಗೂ ಚೌಕಾಸಿ ಮಾಡಿದಳು. ಮನೆಗೆ ಹೋದ ಮೇಲೆ ಅವಳ ಗುಟ್ಟು ಗೊತ್ತಾಯಿತು. ತಲೆಯಲ್ಲಿದ್ದದ್ದು ನಿಂಬೆಹಣ್ಣಿನಷ್ಟು ಕೂದಲು. ಅದರೊಳಗೆ ಚೌರಿ, ಅಂದರೆ ಯಾರದೋ ತಲೆಯಿಂದ ಉದುರಿದ ಕೂದಲಿನ ಕಟ್ಟು, ತುರುಕಿ ಮೂಸಂಬಿ ಮಾಡಿಕೊಂಡಿದ್ದಳು. ಅಂಥ ತುರುಬಿನಲ್ಲಿ ನಾನು ನಿಲ್ಲುವುದಾದರೂ ಹೇಗೆ? ಒಂದು ದಿನ ನೆಂಟರಿಗೆ ಬಡಿಸುವಾಗ ಜಾರಿ ಸಾರಿನ ಪಾತ್ರೆಗೆ ಬಿದ್ದೆ. ಬೇಕೆಂದೇ ಬಿದ್ದೆ ಎಂದರೂ ಸುಳ್ಳಲ್ಲ.

ಪುಟ್ಟಗೌರಮ್ಮ ನನ್ನನ್ನು ತೊಳೆದು ಸೊಸೆಯ ಮಡಿಲಿಗೆ ಎಸೆದಳು. "ತಗೊಳಮ್ಮಿ, ನಿನ್ನ ಕುದುರೆ ಬಾಲಕ್ಕೆ ಆಯ್ತದೆ."

ಸೊಸೆ ಸುಗುಣ. ಸರ್ಕಾರಿ ಶಾಲೆಯಲ್ಲಿ ಮಕ್ಕಳಿಗೆ ಬಿಸಿಯೂಟ ಮಾಡುವವಳು. ಕೂದಲು ಸೊಂಟ ದಾಟಿ ಇಳಿದಿತ್ತು. ಅನ್ನದಲ್ಲಿ ಒಂದು ಎಳೆ ಸಿಕ್ಕಿದರೂ ಕೆಲಸಕ್ಕೆ ಕುತ್ತು, ಆದ್ದರಿಂದ ಬೆಳಗಿನಿಂದ ಸಂಜೆವರೆಗೆ ಬಿಗಿ ತುರುಬು. ಮೊದಮೊದಲು ಅವಳು ಸುಮ್ಮನೆ ಸುತ್ತಿ ನನ್ನನ್ನು ಸಿಕ್ಕಿಸಿಬಿಡುತ್ತಿದ್ದಳು. ಕೂದಲಿನ ತುದಿ ನನ್ನ ಮೇಲೆ ಹುಂಜದ ಬಾಲದ ಹಾಗೆ ನಿಂತಿರುತ್ತಿತ್ತು. ಒಲೆಯ ಝಳ ಅದನ್ನು ಒಣಗಿಸುತ್ತಿತ್ತು, ನಾನು ಅದನ್ನು ಜಗಿಯುತ್ತಿದ್ದೆ. ಕೆಲವೇ ತಿಂಗಳಲ್ಲಿ ತುದಿಯೆಲ್ಲ ಸೀಳು ಬಿಟ್ಟು ತೆಂಗಿನ ನಾರಾಯಿತು. ನನಗೆ ಬಹಳ ಸಮಾಧಾನವಾಗಿತ್ತು.

ಒಂದು ಭಾನುವಾರ ಸುಗುಣ ಬಿಸಿಲಿಗೆ ಕೂತು ತುದಿಯನ್ನು ಬೆರಳಿನಲ್ಲಿ ಉಜ್ಜಿ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಆ ನೋಟ ನನಗೆ ಹಿಡಿಸಲಿಲ್ಲ. ಕತ್ತರಿ ತಂದು ನಾರಾದ ಭಾಗವನ್ನು ತಾನೇ ಕತ್ತರಿಸಿಕೊಂಡಳು. ಅಂದಿನಿಂದ ಅವಳ ಪದ್ಧತಿಯೇ ಬೇರೆ. ಒದ್ದೆ ತಲೆಯಲ್ಲಿ ತುರುಬಿಲ್ಲ. ನಾಲ್ಕು ಹನಿ ಹರಳೆಣ್ಣೆಯನ್ನು ಅಂಗೈಯಲ್ಲಿ ತಿಕ್ಕಿ, ಬುಡಕ್ಕಲ್ಲ, ಕೊನೆಯ ಒಂದು ಗೇಣಿಗೆ ಸವರುವಳು. ಹಳೆಯ ವಾಯಿಲ್ ಸೀರೆಯ ಮೆತ್ತನೆ ಚೂರನ್ನು ತುದಿಗೆ ಸುತ್ತಿ, ಅದನ್ನು ತುರುಬಿನ ಒಳಕ್ಕೆ ಮಡಿಸಿ, ಕೊನೆಯಲ್ಲಿ ನನ್ನನ್ನು ಹಾಕುವಳು. ಬಾಚುವಾಗಲೂ ತುದಿಯಿಂದ ಶುರುಮಾಡಿ ಮೆಲ್ಲಗೆ ಮೇಲಕ್ಕೆ. ತುದಿಗೆ ನನ್ನ ಹಲ್ಲು ಸೋಕಬಾರದು! ಮೈಯೆಲ್ಲ ಹಲ್ಲಿರುವವನಿಗೆ ಇದಕ್ಕಿಂತ ಅವಮಾನ ಇನ್ನೇನಿದೆ? ನಾನು ಹಲ್ಲು ಮಸೆಯುತ್ತ ದಿನ ಕಳೆದೆ. ತುದಿ ಮಾತ್ರ ಎಳೆಗರುವಿನ ಕಿವಿಯಷ್ಟು ಮೆತ್ತಗಾಯಿತು.

ನನ್ನ ಜಾಗ ಅವಳ ತಲೆಯ ಹಿಂಬದಿ. ಅವಳು ಮುಂದೆ ನೋಡಿದರೆ ನಾನು ಹಿಂದೆ ನೋಡುವವನು. ಪುಟ್ಟಗೌರಮ್ಮ ಸೊಸೆಯ ಎದುರಿಗೆ ಒಂದು ಮುಖ ಇಟ್ಟುಕೊಂಡಿದ್ದಳು, ಬೆನ್ನ ಹಿಂದೆ ಇನ್ನೊಂದು. ಎರಡನೆಯದು ನನ್ನ ಪಾಲಿಗೆ. ಮೂತಿ ತಿರುವುವುದು, ಲಟಿಕೆ ಮುರಿಯುವುದು, ಪಕ್ಕದ ಮನೆಯವಳಿಗೆ ಕಣ್ಸನ್ನೆ ಮಾಡುವುದು. "ನೋಡವ್ವ, ಕೂದ್ಲು ತುದಿಗೂ ಸೀರೆ ಉಡಿಸ್ತಾಳೆ ಇವ್ಳು!" ಎಂದು ಪಿಸುಗುಟ್ಟಿ ಇಬ್ಬರೂ ನಗುತ್ತಿದ್ದರು. ಸುಗುಣ ತವರಿನಿಂದ ತಂದ ಹಂಡೆ ಅತ್ತೆಯ ಬಚ್ಚಲು ಸೇರಿತ್ತು, ಮಂಚ ನಾದಿನಿಯ ಮನೆ ಸೇರಿತ್ತು. ತನ್ನದೆಂದು ಹೇಳಿಕೊಳ್ಳಲು ಅವಳಿಗೆ ಉಳಿದಿದ್ದು ಆ ಕೂದಲೊಂದೇ. ಅತ್ತೆಯ ಕಣ್ಣು ಬಿದ್ದದ್ದೂ ಅದರ ಮೇಲೆಯೇ.

ಅಷ್ಟರಲ್ಲಿ ಸುಗುಣಳ ಗಂಡ ಗುರುಮಲ್ಲುವಿಗೆ ಕಾಮಾಲೆಯಾಯಿತು. ಗೂಡ್ಸ್ ಆಟೋ ಓಡಿಸಿಕೊಂಡು ಗಟ್ಟಿಮುಟ್ಟಾಗಿದ್ದ ಆಳು, ಅರಿಶಿನದ ಕೊಂಬಿನ ಹಾಗೆ ಆಸ್ಪತ್ರೆಯ ಮಂಚದ ಮೇಲೆ ಮಲಗಿಬಿಟ್ಟ. ಸುಗುಣ ಅವನ ಕಾಲು ಒತ್ತುತ್ತ ಕೂತಿದ್ದಳು. ಅವಳ ಬೆನ್ನ ಹಿಂದೆ ಪುಟ್ಟಗೌರಮ್ಮ ಕೈ ಮುಗಿದು ನಿಂತು ಬಾಯೊಳಗೇ ಹೇಳಿಕೊಂಡಳು. ಸುಗುಣಳಿಗೆ ಕೇಳಿಸಲಿಲ್ಲ, ನನಗೆ ಕೇಳಿಸಿತು.

"ನಂಜುಂಡಪ್ಪಾ, ನನ್ನ ಮಗ ಎದ್ದು ಮನೆಗೆ ಬರ್ಲಿ. ನನ್ನ ಸೊಸೆ ಮುಡಿ ನಿನಗೆ."

ಹಾಗೆ ಹೇಳುವಾಗ ಅವಳು ಕಣ್ಣು ಮುಚ್ಚಿರಲಿಲ್ಲ, ಮಗನ ಕಡೆಗೂ ನೋಡುತ್ತಿರಲಿಲ್ಲ. ಸುಗುಣಳ ತುರುಬನ್ನೇ ನೋಡುತ್ತಿದ್ದಳು. ಆ ಸೊಕ್ಕಿನ ತುದಿಗಳಿಗೆ ತಕ್ಕ ಶಾಸ್ತಿಯಾಯಿತೆಂದು ನಾನು ಒಳಗೊಳಗೇ ಹಿಗ್ಗಿದೆ. ಕೂದಲೇ ಹೋದರೆ ಕ್ಲಿಪ್ಪಿಗೆ ಎಲ್ಲಿಯ ಬದುಕು ಎಂಬುದು ಆಮೇಲೆ ಹೊಳೆಯಿತು.

ಗುರುಮಲ್ಲು ಗುಣವಾಗಿ ಮನೆಗೆ ಬಂದ. ಅವನು ಗಂಜಿ ಬಿಟ್ಟು ಅನ್ನ ಉಂಡ ದಿನವೇ ಪುಟ್ಟಗೌರಮ್ಮ ಬಾಯಿ ಬಿಟ್ಟಳು. "ಸ್ವಾಮಾರ ನಂಜನಗೂಡಿಗೆ ಹೋಗ್ಬೇಕು. ನಿನ್ನ ಮುಡಿ ಹರಸ್ಕೊಂಡಿವ್ನಿ."

"ನನ್ನ ಮುಡೀನ? ಯಾರನ್ನ ಕೇಳಿ ಅತ್ತೆ?"

"ದೇವ್ರ ವಿಷ್ಯದಲ್ಲಿ ಕೇಳದೇನಮ್ಮಿ?"

"ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ ಅಂದಂಗಾಯ್ತು. ಹರಸ್ಕೊಂಡೋರು ನೀವು, ನಿಮ್ಮ ಮುಡಿ ಕೊಡಿ."

"ಗಂಡ ಉಳ್ಕೊಂಡಿದ್ದು ಬೇಡವಾಗಿತ್ತಾ ನಿಂಗೆ?"

ಸುಗುಣ ಗಂಡನ ಕಡೆ ನೋಡಿದಳು. ಅವನು ತಟ್ಟೆ ನೋಡಿಕೊಂಡು, "ಕೂದ್ಲು ತಾನೆ, ಬೆಳೀತದೆ ಬುಡು" ಎಂದ. ಅಂದಿನಿಂದ ಸುಗುಣ ಅವನ ತಟ್ಟೆಯನ್ನು ನೆಲಕ್ಕೆ ಕುಕ್ಕುವ ಸದ್ದಿಗೆ ಬೆಕ್ಕು ಕೂಡ ಅಡುಗೆಮನೆಗೆ ಬರುವುದನ್ನು ಬಿಟ್ಟಿತು. ಗುರುಮಲ್ಲು ಒಮ್ಮೆ ಸೀನಿದರೆ ಸಾಕು, ಪುಟ್ಟಗೌರಮ್ಮ ಬೀದಿಗೆ ಕೇಳಿಸುವ ಹಾಗೆ, "ಹರಕೆ ಬಾಕಿ ಮಡಗಿದ್ರೆ ಇನ್ನೇನಾದದು" ಎನ್ನುವಳು. ನಲ್ಲಿಯ ಹತ್ತಿರದ ಹೆಂಗಸರೆಲ್ಲ ಬುದ್ಧಿ ಹೇಳುವವರೇ ಆದರು. ಒಂದು ದಿನ ಸುಗುಣ ಕೊಡ ಇಳಿಸಿ ಹೇಳಿದಳು: "ನಡೀರಿ ಅತ್ತೆ, ಬತ್ತೀನಿ. ಮುಡಿಗೆ ಕೂರದೋ ಬುಡದೋ ಅಲ್ಲೇ ನೋಡ್ಮ."

ಹೊರಡುವ ಬೆಳಿಗ್ಗೆಯೂ ಅವಳು ಎಂದಿನಂತೆ ತುದಿಗೆ ಎಣ್ಣೆ ಸವರಿ, ವಾಯಿಲ್ ಚೂರು ಸುತ್ತಿ, ಒಳಗೆ ಮಡಿಸಿದಳು. ಸಂಜೆಗೆ ಇರದ ಕೂದಲಿಗೆ ಬೆಳಿಗ್ಗೆ ಎಣ್ಣೆ! ಅವಳ ಮೇಲೆ ನನಗೆ ಸಿಟ್ಟು ಬಂತು.

ನಂಜನಗೂಡಿನ ಹೊಳೆಯ ಹತ್ತಿರ ಮುಡಿ ತೆಗೆಯುವ ಜಾಗ. ಗುರುಮಲ್ಲು ಮೊದಲು ಕೂತು ತಲೆ ನುಣ್ಣಗೆ ಮಾಡಿಸಿಕೊಂಡ. ಮುಂದೆ ಏನಾಗುವುದೆಂದು ಗೊತ್ತಿದ್ದವನು, "ಹಣ್ಣು ಕಾಯಿ ತತ್ತೀನಿ" ಎಂದು ಮೆತ್ತಗೆ ಜಾರಿಕೊಂಡ.

"ಮುಂದೆ ಯಾರವ್ವ?" ಕ್ಷೌರದವನು ಕೇಳಿದ.

ಪುಟ್ಟಗೌರಮ್ಮ ಸೊಸೆಯ ಬೆನ್ನಿಗೆ ಕೈ ಹಾಕಿ ಮುಂದಕ್ಕೆ ನೂಕಿದಳು. ಸುಗುಣ ನನ್ನನ್ನು ಬಿಚ್ಚಿ ಮೆಟ್ಟಿಲ ಮೇಲಿಟ್ಟಳು. ಕೂದಲು ಬೆನ್ನ ಮೇಲೆ ಇಳಿಯಿತು. ತುದಿಯ ಬಟ್ಟೆಯನ್ನೂ ಬಿಚ್ಚಿದಳು. ಸರತಿಯಲ್ಲಿದ್ದ ಯಾರೋ ಮುದುಕಿ ಬಗ್ಗಿ ಮುಟ್ಟಿ, "ತುದಿಗಂಟ ಬೆಣ್ಣೆ ಇದ್ದಂಗದಲ್ಲವ್ವ! ಇದ ಯಾಕ್ ಕೊಟ್ಟೀಯೆ?" ಎಂದಳು.

ಅಷ್ಟೇ. ಪುಟ್ಟಗೌರಮ್ಮ ಸಿಡಿದಳು. "ನಾ ಕೊಡ್ಲಿಲ್ವ? ನನಗೇನು ಹುಟ್ತಾನೇ ಚೌರಿ ಇತ್ತಾ? ತೊಡೆಗಂಟ ಇತ್ತು ನಂದು. ಮಾವನ ಕಾಲು ಮುರ್ದಾಗ ನಮ್ಮತ್ತೆ ಹರಸ್ಕೊಂಡ್ಲು, ಕರ್ಕಂಬಂದು ಇಲ್ಲೇ ಕೂರ್ಸಿದ್ಲು. ಆಮೇಕೆ ಬೆಳದದ್ದು ಇಷ್ಟೇ, ಇಷ್ಟು! ಯಾವ್ಳು ಕೇಳಿದ್ಲು ನನ್ನ?"

ಸುಗುಣ ತಿರುಗಿ ನಿಂತಳು. "ಯಾರೂ ಕೇಳ್ನಿಲ್ಲ. ಅದಕ್ಕೇ ನೀವು ಕೇಳಿ ಅತ್ತೆ. 'ಕೊಟ್ಟೀಯಾ ಸುಗುಣ' ಅಂತ ಒಂದ್ಸಲ ಕೇಳಿ. ಕೂತ್ಕತೀನಿ."

ಅವಳು ನಿಜವಾಗಿಯೂ ಕೂರುತ್ತಿದ್ದಳು. ಅವಳ ಮುಖವನ್ನು ಎದುರಿನಿಂದ ನಾನು ನೋಡಿದ್ದು ಅಪರೂಪ. ಆವತ್ತು ಮೆಟ್ಟಿಲ ಮೇಲಿಂದ ನೋಡಿದೆ, ಅದರಲ್ಲಿ ಸುಳ್ಳಿರಲಿಲ್ಲ. ಮಗನ ಪ್ರಾಣಕ್ಕಾಗಿ ದೇವರನ್ನು ಬೇಡಿದ್ದ ಪುಟ್ಟಗೌರಮ್ಮನ ಬಾಯಿಗೆ ಸೊಸೆಯನ್ನು ಕೇಳಲು ಮಾತು ಏಳಲಿಲ್ಲ. ಕ್ಷೌರದವನು ಕತ್ತಿ ಒರೆಸಿಕೊಂಡು ಕಾದ.

"ಸೊಸೆ ತಾವ ಬೇಡದಾ? ನಾನಾ?" ಎಂದವಳೇ ಪುಟ್ಟಗೌರಮ್ಮ ತನ್ನ ತುರುಬು ಕಿತ್ತಳು. ಚೌರಿಯನ್ನು ನನ್ನ ಪಕ್ಕಕ್ಕೆ ಎಸೆದಳು. ಎಲ್ಲರ ಎದುರಿಗೆ ಆ ನಿಂಬೆಹಣ್ಣಿನಷ್ಟು ಕೂದಲನ್ನು ಬಿಚ್ಚಿಕೊಂಡು ಮಣೆಯ ಮೇಲೆ ಕುಕ್ಕರಿಸಿದಳು. "ತೆಗಿಯಪ್ಪ. ಹರಸ್ಕೊಂಡೋಳು ನಾನೇ."

ಹೊಳೆಯಲ್ಲಿ ಮುಳುಗಿ ಬಂದ ಅತ್ತೆಯ ಬೋಳು ತಲೆಗೆ ಸುಗುಣ ಗಂಧ ಹಚ್ಚಿದಳು. ಪ್ರೀತಿಯಿಂದಲ್ಲ, ಪಾತ್ರೆ ತಿಕ್ಕುವ ಹಾಗೆ.

"ಮೆತ್ತಗೆ ಹಚ್ಚಮ್ಮಿ."

"ಸುಮ್ಕಿರಿ."

ಆಮೇಲೆ ಪುಟ್ಟಗೌರಮ್ಮ ಹೊಳೆಯ ಕಡೆಗೆ ಮುಖ ಮಾಡಿಕೊಂಡೇ ಕೇಳಿದಳು. "ಆ ತುದಿಗೆ ಅದೇನಮ್ಮಿ ಹಚ್ಚೀಯೆ ನೀನು?"

ಸುಗುಣಳ ಕೈ ನಿಂತಿತು. "ಮೊದ್ಲು ಬೆಳೀಲಿ, ಹೇಳ್ಕೊಟ್ಟೇನು" ಎಂದಳು. ಮತ್ತೆ ಗಂಧ ಹಚ್ಚಿದಳು, ಈ ಸಲ ಅಷ್ಟು ಒತ್ತಲಿಲ್ಲ.

ಆಮೇಲೆ ಸುಗುಣ ಕೂದಲನ್ನು ಜಡೆ ಹೆಣೆದು ಬೆನ್ನ ಮೇಲೆ ಇಳಿಬಿಟ್ಟು ಹೊರಟಳು. ನನ್ನನ್ನು ಮರೆತಳೋ, ಬೇಕೆಂದೇ ಬಿಟ್ಟಳೋ ತಿಳಿಯದು. ಗುಡಿಸುವವಳ ಪೊರಕೆ ನನ್ನನ್ನು ಈ ಮೂಲೆಗೆ ತಳ್ಳಿತು. ಇಲ್ಲಿ ಪಿನ್ನುಗಳು, ರಬ್ಬರ್ ಬ್ಯಾಂಡುಗಳು, ನನ್ನಂಥ ಹಲ್ಲಿನವರು ರಾಶಿಯಾಗಿ ಬಿದ್ದಿದ್ದೇವೆ. ಒಬ್ಬರಿಗೊಬ್ಬರು ಚುಚ್ಚಿಕೊಂಡು, ಕಚ್ಚಿಕೊಂಡು ಇರುತ್ತೇವೆ. ನನ್ನ ಸ್ಪ್ರಿಂಗಿಗೆ ತುಕ್ಕು ಹಿಡಿದಿದೆ, ಎರಡು ಹಲ್ಲು ಹೋಗಿವೆ. ಆ ಅತ್ತೆಯನ್ನೂ ಸೊಸೆಯನ್ನೂ ನಾನು ಕ್ಷಮಿಸಿಲ್ಲ. ಆದರೆ ಹೊಸ ಕ್ಲಿಪ್ಪು ಬಂದು ಬಿದ್ದಾಗಲೆಲ್ಲ, ಅದರ ಹಲ್ಲಿನಲ್ಲಿ ಇನ್ನೂ ಒಂದೆರಡು ಉದ್ದ ಕೂದಲು ಸಿಕ್ಕಿಕೊಂಡಿರುವಾಗಲೇ, ನಾನು ಒಂದು ಮಾತು ಕೇಳುತ್ತೇನೆ: ಮುಡಿ ತೆಗೆಸುವ ಮೊದಲು ನಿನ್ನವಳನ್ನು ಯಾರಾದರೂ ಕೇಳಿದ್ದರಾ?